ಏಳನೆಯ ಗೆರೆ

ಹುಬ್ಬಳ್ಳಿಯ ಮಕ್ಕಳು ಉದುರಿದ ಹಾಲುಹಲ್ಲನ್ನು ಮಾಳಿಗೆಯ ಮೇಲೆ ಎಸೆಯುವುದನ್ನು ಬಿಟ್ಟು ಆಗಲೇ ಆರು ವರ್ಷಗಳಾಗಿದ್ದವು. ಈಗ ಪ್ರತಿ ಶಾಲೆಯ ಹೆಡ್‌ಮಾಸ್ತರರ ಮೇಜಿನ ಮೇಲೆ ಒಂದು ಹಸಿರು ಡಬ್ಬಿ ಇರುತ್ತಿತ್ತು. ಹಲ್ಲು ಬಿದ್ದ ಮಗು ಅದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಬಿದ್ದ ತಾರೀಖು ಬರೆಸಿ, ಡಬ್ಬಿಗೆ ಹಾಕಿ, ಬದಲಿಗೆ ನಗುವ ಆನೆಯ ಸ್ಟಿಕ್ಕರ್ ಪಡೆಯುತ್ತಿತ್ತು. ಕೆಲವು ಮಕ್ಕಳು ಆನೆಯ ಆಸೆಗೆ ಇನ್ನೂ ಸರಿಯಾಗಿ ಅಲುಗಾಡದ ಹಲ್ಲನ್ನೂ ನಾಲಿಗೆಯಿಂದ ನೂಕಿ ನೂಕಿ ಬೀಳಿಸಿಕೊಳ್ಳುತ್ತಿದ್ದರು. ಒಬ್ಬ ತನ್ನ ಅಜ್ಜನ ದವಡೆಹಲ್ಲನ್ನು ತಂದು ಹಾಕಿ ಸಿಕ್ಕಿಬಿದ್ದಿದ್ದ.

ಡಬ್ಬಿಗಳೆಲ್ಲ ಸೋಮವಾರ ಬಂದು ಸೇರುತ್ತಿದ್ದುದು ವಿದ್ಯಾನಗರದ ಒಂದು ಸಣ್ಣ ಪ್ರಯೋಗಾಲಯಕ್ಕೆ. ಅಲ್ಲಿ ದ್ರಾಕ್ಷಾಯಿಣಿ ಹೂಗಾರಳ ಮೇಜಿಗೆ. ಹನ್ನೊಂದು ವರ್ಷಗಳಿಂದ ಅವಳು ಅಲ್ಲಿ ತಂತ್ರಜ್ಞೆ. ಹಲ್ಲನ್ನು ತೊಳೆದು, ಒಣಗಿಸಿ, ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಗಿ ಕೊಯ್ದು ಯಂತ್ರಕ್ಕೆ ಕೊಡುವುದು ಅವಳ ಕೆಲಸ. ಯಂತ್ರಕ್ಕೆ ಡಾಕ್ಟರ್ ವಿದ್ಯಾಧರ ಕಟಗೇರಿಯವರು ಪದರದರ್ಶಕ ಎಂದು ಹೆಸರಿಟ್ಟಿದ್ದರು. ಊರವರು ಅದನ್ನು ಹಲ್ಲಿನ ಮಷೀನು ಎನ್ನುತ್ತಿದ್ದರು.

ಹಲ್ಲು ಬೆಳೆದು ನಿಂತ ಮೇಲೂ ಅದರ ಒಳಗೋಡೆಗೆ ದಿನಕ್ಕೊಂದು ತೆಳು ಪದರ ಮೆತ್ತಿಕೊಳ್ಳುತ್ತಲೇ ಇರುತ್ತದೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಆ ದಿನ ಮಗುವಿನ ರಕ್ತದಲ್ಲಿ ಏನು ಹರಿದಿತ್ತೋ ಅದರ ಗುರುತು ಆ ಪದರದಲ್ಲಿ ಉಳಿಯುತ್ತದೆ. ಪದರದರ್ಶಕ ಬೆಳಕಿನ ಮೊನೆಯಿಂದ ಒಂದೊಂದೇ ಗೆರೆಯನ್ನು ಕೆರೆದು, ಎದ್ದ ಧೂಳನ್ನು ಕೊಳವೆಯಲ್ಲಿ ಎಳೆದುಕೊಂಡು, ಅದರಲ್ಲಿ ಏನಿದೆಯೆಂದು ನೋಡಿ ಪರದೆಯ ಮೇಲೆ ಬಣ್ಣ ಹಚ್ಚುತ್ತಿತ್ತು. ಹೆದರಿ ನಡುಗಿದ ದಿನಕ್ಕೆ ಅರಿಸಿನ. ಅವಮಾನಕ್ಕೆ ಬದನೆಕಾಯಿ ಬಣ್ಣ. ಮೈಮೇಲೆ ಪೆಟ್ಟು ಬಿದ್ದರೆ ಕೆಂಪು. ದೊಡ್ಡವರ ಜಗಳ ಕೇಳಿ ನಿದ್ದೆಗೆಟ್ಟರೆ ನೀಲಿ. ಇವು ಯಾವುದೂ ಇಲ್ಲದ ಸಾದಾ ದಿನದ ಗೆರೆ ಬೂದಿ, ಅದು ಲೆಕ್ಕಕ್ಕಿಲ್ಲ. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದು ಹಲ್ಲಿಗೆ ಗೊತ್ತಿರುವುದಿಲ್ಲ. ಏನಾಯಿತು ಎಂಬುದಷ್ಟೇ ಗೊತ್ತು.

ಹನ್ನೊಂದು ಸಾವಿರ ಹಲ್ಲು ನೋಡಿದ ಮೇಲೆ ಕಟಗೇರಿಯವರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಒಂದೇ ಬಣ್ಣ ನೂರು ಸಲ ಬಂದ ಮಗು ಹೇಗೋ ತಡೆದುಕೊಳ್ಳುತ್ತದೆ. ಮೂರು ನಾಲ್ಕು ಬಣ್ಣ ಬಂದರೆ, ಅವು ಎಷ್ಟೇ ತೆಳುವಾಗಿರಲಿ, ಮಗು ಒಳಗೇ ಕುಸಿಯುತ್ತದೆ. ದ್ರಾಕ್ಷಾಯಿಣಿ ಇದನ್ನು ತನ್ನ ಅತ್ತೆ ನೀಲಮ್ಮನಿಗೆ ಹೀಗೆ ವಿವರಿಸಿದ್ದಳು: "ಮನಿ ಒಂದ ಕಡೆ ಸೋರಿದ್ರ ಬಕೀಟು ಇಟ್ಟು ಇನ್ನೊಂದ ಮೂಲ್ಯಾಗ ಮಲಗಬಹುದು. ನಾಕೂ ಮೂಲಿ ಸೋರಿದ್ರ ಹಾಸಗಿ ಎಲ್ಲಿ ಹಾಸೂದು, ಹೇಳ್ರಿ?"

ನೀಲಮ್ಮನಿಗೆ ವಿಜ್ಞಾನ ಒಪ್ಪಿಗೆಯಾಗಿತ್ತು, ಡಬ್ಬಿ ಮಾತ್ರ ಒಪ್ಪಿಗೆಯಾಗಿರಲಿಲ್ಲ. ಹೋದ ತಿಂಗಳು ಆರು ವರ್ಷದ ಮೊಮ್ಮಗಳು ಇಂಚರಾಳ ಮುಂದಿನ ಹಲ್ಲು ಬಿದ್ದಾಗ, ಸೊಸೆ ಮನೆಗೆ ಬರುವಷ್ಟರಲ್ಲಿ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಗೆ ಎಸೆದಾಗಿತ್ತು. "ನಮ್ಮ ಮನ್ಯಾಗಿನ ಹಲ್ಲು ಊರ ಮಂದಿ ಯಾಕ ಓದಬೇಕು?" ಎಂದು ಕೇಳಿದ್ದಳು. ಇಂಚರಾ ಆನೆ ತಪ್ಪಿತೆಂದು ಅರ್ಧ ತಾಸು ಅತ್ತಳು. ದ್ರಾಕ್ಷಾಯಿಣಿ ಅತ್ತೆಯ ಮೇಲೆ ಸಿಟ್ಟು ಮಾಡಿದಳು. ಒಳಗೊಳಗೆ ಮಾತ್ರ ಯಾಕೋ ನಿರಾಳವಾದಳು. ಮಗಳಿಗೆ ಗಣಿತ ಹೇಳಿಕೊಡುವಾಗ ತನ್ನ ಧ್ವನಿ ಎಷ್ಟು ಎತ್ತರಕ್ಕೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಆ ನವೆಂಬರಿನ ಎರಡನೆಯ ವಾರದಲ್ಲಿ ಯಂತ್ರಕ್ಕೆ ಒಂದು ದವಡೆಹಲ್ಲು ಬಂತು. ಪೊಟ್ಟಣದ ಮೇಲೆ ಹೆಸರಿರಲಿಲ್ಲ, ಒಂದು ನಂಬರು ಮಾತ್ರ. ಒಂಬತ್ತೂವರೆ ವರ್ಷದ ಹುಡುಗಿ ಎಂದು ಬರೆದಿತ್ತು. ಗೆರೆಗಳು ಒಂದೊಂದಾಗಿ ಪರದೆಯ ಮೇಲೆ ಬೀಳತೊಡಗಿದಂತೆ ದ್ರಾಕ್ಷಾಯಿಣಿ ಚಹಾದ ಲೋಟ ಕೆಳಗಿಟ್ಟಳು. ನಾಲ್ಕೂ ಬಣ್ಣಗಳಿದ್ದವು. ಸುಮಾರು ಎರಡು ವರ್ಷಗಳಿಂದ, ವಾರ ಬಿಡದೆ. ಯಾವುದೂ ಗಾಢವಾಗಿರಲಿಲ್ಲ. ಕೆಂಪು ಕೂಡ ತೆಳು ಕೆಂಪು. ಬಿಡಿಬಿಡಿಯಾಗಿ ನೋಡಿದರೆ ಯಾರೂ ಗಾಬರಿಯಾಗುವಂಥದ್ದಲ್ಲ. ಒಟ್ಟಿಗೆ ನೋಡಿದಾಗ ಕಾಲಿಡಲು ಜಾಗವಿಲ್ಲ.

ಆದರೆ ಅವಳ ಕಣ್ಣು ನಿಂತದ್ದು ಬೇರೆಡೆ. ಆರು ಗೆರೆ ಬಣ್ಣ, ಏಳನೆಯದು ತಿಳಿ. ಮತ್ತೆ ಆರು ಬಣ್ಣ, ಒಂದು ತಿಳಿ. ತೊಳೆದಿಟ್ಟ ಗಾಜಿನಂತೆ ಶುಭ್ರವಾದ ಗೆರೆ.

ಅವಳು ಕಟಗೇರಿಯವರನ್ನು ಕರೆದಳು. ಕನ್ನಡಕ ಹಣೆಯ ಮೇಲಿದ್ದರೂ ಮೇಜಿನ ಮೇಲೆ ಅದನ್ನೇ ಹುಡುಕುವ ಜಾತಿಯ ಮನುಷ್ಯ ಅವರು. ಬಗ್ಗಿ ನೋಡಿ ನಕ್ಕರು.

"ಇದು ಹಲ್ಲಿಂದಲ್ಲ, ನಿಮ್ಮದು. ಏಳು ಗೆರಿಗೊಮ್ಮೆ ಕೊಳವಿ ತೊಳೀತೀರಲ್ಲ? ತೊಳದ ಮ್ಯಾಲೆ ಮೊದಲನೇ ಗೆರಿ ಖಾಲಿ ಬಂದಿರ್ತದ. ಹಿಂದನೂ ಒಂದೊಂದ ಹಲ್ಲಿನಾಗ ಖಾಲಿ ಗೆರಿ ಬಂದಾವ. ನಾವು ಲೆಕ್ಕಕ್ಕ ತಗೊಂಡಿಲ್ಲ."

"ಹಂಗಿದ್ರ ಎಲ್ಲಾ ಹಲ್ಲಿನಾಗೂ ಬರಬೇಕಿತ್ತಲ್ರಿ, ಸರ್?"

"ಧೂಳು ಬಹಳ ಇದ್ದಾಗ ಕಾಣ್ತದ, ಕಡಿಮಿ ಇದ್ದಾಗ ಕಾಣೂದಿಲ್ಲ. ತಲಿ ಕೆಡಿಸ್ಕೋಬ್ಯಾಡ್ರಿ. ನಾಕು ಬಣ್ಣ ಬಂದಾವಲ್ಲ, ಅದನ್ನ ನೋಡೂಣು."

ದ್ರಾಕ್ಷಾಯಿಣಿ ಹಾಳೆ ತೆಗೆದುಕೊಂಡು ತನ್ನ ಮೇಜಿಗೆ ಮರಳಿದಳು. ಹನ್ನೊಂದು ವರ್ಷ ತಾನು ಕೊಳವೆ ತೊಳೆದದ್ದು ಇಂಥ ಮಾತು ಕೇಳುವುದಕ್ಕಲ್ಲ ಎಂದು ಅವಳಿಗೆ ಅನ್ನಿಸಿತು. ಊಟದ ಬಿಡುವಿನಲ್ಲಿ ಅದೇ ಚೂರನ್ನು ಮತ್ತೆ ಯಂತ್ರಕ್ಕೆ ಕೊಟ್ಟಳು. ಈ ಸಲ ಐದು ಗೆರೆಗೊಮ್ಮೆ ಕೊಳವೆ ತೊಳೆದಳು. ತಿಳಿಗೆರೆ ಏಳಕ್ಕೇ ಬಂತು. ಒಂಬತ್ತಕ್ಕೊಮ್ಮೆ ತೊಳೆದಳು. ಏಳಕ್ಕೇ ಬಂತು. ಕೊನೆಗೆ ತೊಳೆಯದೆಯೇ ಬಿಟ್ಟಳು. ಯಂತ್ರ ಕೆಮ್ಮಿತು, ಪರದೆಯೆಲ್ಲ ಮಸುಕಾಯಿತು, ಆದರೂ ಏಳನೆಯ ಗೆರೆ ಉಳಿದವುಗಳಿಗಿಂತ ತಿಳಿಯಾಗಿಯೇ ಇತ್ತು. ನಾಲ್ಕೂ ಹಾಳೆಗಳನ್ನು ಒಂದರ ಪಕ್ಕ ಒಂದರಂತೆ ಕಟಗೇರಿಯವರ ಮುಂದೆ ಜೋಡಿಸಿ ಕೈಕಟ್ಟಿ ನಿಂತಳು.

ಅವರು ಬಹಳ ಹೊತ್ತು ನೋಡಿದರು. "ತಪ್ಪು ನಂದು, ದ್ರಾಕ್ಷಾಯಿಣಿಯವರ," ಎಂದರು. "ಹಂಗಾದ್ರ ಇದು ಏನು?"

"ವಾರ ಇರಬೇಕ್ರಿ."

ಹಲ್ಲು ಬಿದ್ದ ತಾರೀಖು ಪೊಟ್ಟಣದ ಮೇಲಿತ್ತು, ಅದು ಬುಧವಾರ. ಅತಿ ಒಳಗಿನ ಗೆರೆಯಿಂದ ಹಿಂದಕ್ಕೆ ಎಣಿಸುತ್ತ ಹೋದರು. ತಿಳಿಗೆರೆಗಳೆಲ್ಲ ಶನಿವಾರದ ಮೇಲೆ ಬಿದ್ದವು. ಎರಡು ವರ್ಷದಲ್ಲಿ ಒಂದಷ್ಟು ಶನಿವಾರಗಳು ಮಾತ್ರ ಉಳಿದ ದಿನಗಳ ಹಾಗೆ ಬಣ್ಣದವಾಗಿದ್ದವು. ಜೂನ್‌ ಜುಲೈ ನಡುವೆ ನಾಲ್ಕು ವಾರ. ಡಿಸೆಂಬರ್‌ ಜನವರಿ ನಡುವೆ ನಾಲ್ಕು. ಮರುವರ್ಷದ ಜೂನ್‌ ಜುಲೈನಲ್ಲೂ ಹಾಗೆಯೇ.

ಸಂಜೆ ಮನೆಯಲ್ಲಿ ನೀಲಮ್ಮ ಮೆಂತ್ಯ ಸೊಪ್ಪು ಸೋಸುತ್ತ ಕುಳಿತಿದ್ದಳು. ದ್ರಾಕ್ಷಾಯಿಣಿ ಎದುರಿಗೆ ಕುಳಿತು ಕಡ್ಡಿ ಮುರಿಯುತ್ತ, ಹೆಸರೇನೂ ಇಲ್ಲದೆ, ಸಂಗತಿ ಹೇಳಿದಳು.

"ಜೂನ್ ಕಡೀಕೆ ಚಾಲೂ ಆಗಿ ಜುಲೈನಾಗ ಮುಗೀತೈತಿ ಅಂದ್ರ ಆಷಾಢ," ಎಂದಳು ನೀಲಮ್ಮ, ತಲೆಯೆತ್ತದೆ. "ಇನ್ನೊಂದು ಧನುರ್ಮಾಸ. ಎರಡೂ ಮದುವಿ ಇಲ್ಲದ ತಿಂಗಳು. ಮದುವಿಗೆ ಸಂಬಂಧ ಇದ್ದದ್ದು ಏನೋ ಐತಿ ನೋಡು. ಹೂವಿನವರೋ, ಅಡಗಿ ಭಟ್ಟರೋ, ಶಾಮಿಯಾನಾದವರೋ."

ದ್ರಾಕ್ಷಾಯಿಣಿ ಅತ್ತೆಯನ್ನೇ ನೋಡಿದಳು. ಪದರದರ್ಶಕಕ್ಕೆ ಕೇಂದ್ರ ಸರ್ಕಾರ ಕೊಟ್ಟ ಗಣಕಕ್ಕೂ ಹೊಳೆಯದ ಮಾತು ಅದು. "ಅತ್ತಿ, ನಾಳಿಂದ ನೀವ ಬರ್ರಿ ಆಫೀಸಿಗೆ," ಎಂದಳು.

"ಬಂದ್ರ ಮೊದಲು ಆ ಹಸರ ಡಬ್ಬಿ ಒಗಿತೇನಿ."

ಇಂಚರಾ ಪಾಟಿಯ ಮೇಲೆ ಹದಿನೇಳರಲ್ಲಿ ಒಂಬತ್ತು ಕಳೆದು ಆರು ಬರೆದಿದ್ದಳು. ದ್ರಾಕ್ಷಾಯಿಣಿಯ ಗಂಟಲಿನಲ್ಲಿ ಎಂದಿನ ಕೂಗು ಎದ್ದಿತು, ಅರ್ಧಕ್ಕೆ ನಿಂತಿತು. ಅವಳು ಮಗಳ ಪಕ್ಕ ಕುಳಿತು, "ಇಂಚೂ, ವಾರದಾಗ ನಿನಗ ಎಲ್ಲಾದಕಿಂತ ಚಲೋ ದಿನ ಯಾವ್ದು?" ಎಂದು ಕೇಳಿದಳು.

ಮಗಳು ಬಳಪ ಕಚ್ಚಿ ಯೋಚಿಸಿದಳು. "ನಿನಗ ಓವರ್‌ಟೈಮ್ ಇದ್ದ ದಿನ," ಎಂದಳು.

ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದ್ರಾಕ್ಷಾಯಿಣಿಗೂ ನಗು ಬಂತು, ನಗುತ್ತಲೇ ಕಣ್ಣಂಚು ಒರೆಸಿಕೊಂಡಳು. ಆ ದಿನದಿಂದ ಗಣಿತ ಅಜ್ಜಿಯ ಪಾಲಿಗೆ ಹೋಯಿತು. ಅವಳು ಅವರೆಕಾಳು ಎಣಿಸಿ ಹೇಳಿಕೊಡುತ್ತಿದ್ದಳು, ಉತ್ತರ ಸರಿಯಾದರೆ ಕಾಳು ಸಾರಿಗೆ, ತಪ್ಪಾದರೂ ಸಾರಿಗೆ.

ಮೂರು ಅಥವಾ ಹೆಚ್ಚು ಬಣ್ಣ ಬಂದರೆ ನಂಬರಿನ ಹಿಂದಿನ ಹೆಸರು ತೆರೆಯಬೇಕು, ವಾರದೊಳಗೆ ಮನೆಗೆ ಹೋಗಬೇಕು ಎಂಬುದು ನಿಯಮ. ಹೋಗಬೇಕಾದ ಸಲಹೆಗಾರ್ತಿ ಹೆರಿಗೆ ರಜೆಯಲ್ಲಿದ್ದರು. ಕಟಗೇರಿಯವರು ದ್ರಾಕ್ಷಾಯಿಣಿಯನ್ನೇ ಕಳಿಸಿದರು. ಹೆಸರು ಕಸ್ತೂರಿ. ಹಳೇ ಹುಬ್ಬಳ್ಳಿಯ ಒಂದು ಗಲ್ಲಿ. ದ್ರಾಕ್ಷಾಯಿಣಿ ಬೇಕೆಂದೇ ಶನಿವಾರ ಮಧ್ಯಾಹ್ನ ಹೋದಳು.

ಮನೆಗೆ ಬೀಗ ಹಾಕಿತ್ತು. ಆದರೆ ಎರಡು ಮನೆಯಾಚೆ ಗಲ್ಲಿಯೇ ನಡುಗುವಂತೆ ಸದ್ದು ಬರುತ್ತಿತ್ತು. "ಮಕ್ತುಮಸಾಬ ಬ್ರಾಸ್ ಬ್ಯಾಂಡ್, ಮದುವೆ ಮತ್ತು ಶುಭ ಕಾರ್ಯಗಳಿಗೆ" ಎಂಬ ಬೋರ್ಡಿನ ಕೆಳಗೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಏಳೆಂಟು ಗಂಡಸರು ಬನಿಯನ್ನಿನಲ್ಲಿ ನಿಂತು ಕಹಳೆ ಊದುತ್ತಿದ್ದರು. ಅವರ ನಡುವೆ, ಜರಿ ಅಂಚಿನ ದೊಡ್ಡ ಕೆಂಪು ಕೋಟು ಮೊಣಕಾಲಿನವರೆಗೆ ಇಳಿಬಿದ್ದ ಒಂದು ಹುಡುಗಿ ಎರಡು ಹಿತ್ತಾಳೆ ತಾಳಗಳನ್ನು ಹಿಡಿದು ನಿಂತಿದ್ದಳು. ಮುಖ ಬಿಗಿಹಿಡಿದು ಕಾಯುತ್ತಿದ್ದಳು. ಸರಿಯಾದ ಗಳಿಗೆ ಬಂದಾಗ ಮೈಯೆಲ್ಲ ಬಿಚ್ಚಿ ಝಣ್ ಎಂದು ಬಾರಿಸಿದಳು.

ಹಾಡು ಮುಗಿದಾಗ ಅವಳೇ ಬಾಗಿಲಿನ ಕಡೆ ತಿರುಗಿದಳು. "ಅಕ್ಕಾ, ನೀವು ಅಲ್ಲಿ ನಿಂತ್ರ ನನಗ ಬೆಳಕು ಬರೂದಿಲ್ಲ. ಒಳಗ ಬರ್ರಿ, ಇಲ್ಲಾ ಹೊರಗ ಹೋಗ್ರಿ."

ಶಾಲೆಯ ಕಡತದ ಫೋಟೋದಲ್ಲಿದ್ದ ಕಸ್ತೂರಿಯೇ ಇವಳು, ಅದೇ ಕಡತದಲ್ಲಿ ಅವಳ ಬಗ್ಗೆ "ಮಾತಾಡುವುದಿಲ್ಲ" ಎಂದು ಬರೆದಿತ್ತು. ದ್ರಾಕ್ಷಾಯಿಣಿ ಒಳಗೆ ಬಂದಳು.

ಮಕ್ತುಮಸಾಬರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಬಿಳಿ ಗಡ್ಡ, ಕಹಳೆ ಊದಿ ಊದಿ ಸಡಿಲಾದ ಗಲ್ಲ. ಅವರು ಸ್ಟೂಲು ಒರೆಸಿ ಕೊಟ್ಟರು. "ಆಕಿ ಅವ್ವ ಗಾರ್ಮೆಂಟಿಗೆ ಹೋಗ್ತಾಳ್ರಿ. ಶನಿವಾರ ಸಾಲಿ ಅರ್ಧ ದಿನ, ಹುಡುಗಿ ಬಾಗಲದಾಗ ಕುಂತಿರ್ತಿತ್ತು. ಕರದೆ. ನಮ್ಮದು ಶನಿವಾರನ ಪ್ರಾಕ್ಟೀಸು, ರವಿವಾರ ಮದುವಿ ಇರ್ತಾವಲ್ಲ. ಮದುವಿ ಇಲ್ಲದ ತಿಂಗಳ ನಾವು ಬಾಗಿಲ ಹಾಕ್ತೀವಿ."

"ಏನಾದ್ರೂ ಹೇಳ್ಯಾಳೇನ್ರಿ ನಿಮ್ಮ ಮುಂದ? ಮನಿದು, ಸಾಲಿದು?"

"ನಾ ಕೇಳಿಲ್ಲವ್ವ. ತಾಳ ಹಿಡಿಯೂದು ಹೆಂಗ ಅಂತ ಹೇಳಿದೆ. ಮೊದಲನೇ ಆರು ತಿಂಗಳ ತಪ್ಪ ಬಾರಿಸಿದ್ಲು. ನಮ್ಮ ದಾವಲ ಇಪ್ಪತ್ತ ವರ್ಷದಿಂದ ತಪ್ಪ ಬಾರಿಸ್ತಾನ, ಆಕೀನ್ನ ಏನಂತ ಬೈಯೂದು?" ದಾವಲ ಎಂಬವನು ಮೂಲೆಯಲ್ಲಿ ಡೋಲಿನ ಹಗ್ಗ ಬಿಗಿಯುತ್ತ ಹಲ್ಲು ಕಿರಿದ.

ಸಂಜೆ ಐದಕ್ಕೆ ಕಸ್ತೂರಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಬೀದಿಗೆ ಕಾಲಿಟ್ಟ ಕೂಡಲೇ ಅವಳ ಭುಜಗಳು ಒಳಕ್ಕೆ ಬಾಗಿದ್ದನ್ನೂ, ನಡಿಗೆ ಗೋಡೆಯ ಬದಿಗೆ ಸರಿದದ್ದನ್ನೂ ದ್ರಾಕ್ಷಾಯಿಣಿ ನೋಡಿದಳು. ಅಷ್ಟು ಸ್ಪಷ್ಟವಾಗಿ ಪದರದರ್ಶಕವೂ ಯಾವತ್ತೂ ತೋರಿಸಿರಲಿಲ್ಲ.

ಮುಂದಿನ ಒಂದು ವಾರ ಅವಳು ಎಲ್ಲರನ್ನೂ ಒಬ್ಬೊಬ್ಬರಾಗಿ ಕಂಡಳು. ಕಸ್ತೂರಿಯ ತಂದೆಗೆ ಗೋವಾದ ಬಂದರಿನಲ್ಲಿ ಕೆಲಸ. ತಾಯಿ ಚಂದ್ರವ್ವ ಮಗಳೊಂದಿಗೆ, ತನ್ನ ತಮ್ಮ ಯಲ್ಲಪ್ಪನೊಂದಿಗೆ ಇದ್ದಳು. ಹುಡುಗಿಗೆ ದಿನಾ ಮುಂಜಾನೆ ಹೊಟ್ಟೆನೋವು, ಮೂರು ಸಲ ಜಂತುಹುಳದ ಗುಳಿಗೆ ಕೊಡಿಸಿಯಾಗಿದೆ ಎಂದಳು. ಬರುತ್ತಿದ್ದ ಮಗ್ಗಿ ಮರೆತಿದ್ದಾಳೆ, ಅಕ್ಕಿ ಡಬ್ಬದ ಹಿಂದೆ ಹೋಗಿ ಕೂರುತ್ತಾಳೆ ಎಂದಳು. ಕಾರಣ ಕೇಳಿದರೆ, "ಸಾಲ್ಯಾಗ ಹುಡುಗೀರು ಕಾಡತಾರ್ರಿ," ಎಂದಳು. ಶಾಲೆಯಲ್ಲಿ ಅಂಗಡಿ ಎಂಬ ಅಡ್ಡಹೆಸರಿನ ಕ್ಲಾಸ್ ಟೀಚರು, "ಟ್ಯೂಶನ್ ಮಾಸ್ತರು ಬಾಳ ಸ್ಟ್ರಿಕ್ಟು," ಎಂದರು. ಟ್ಯೂಶನ್ನಿನ ಹಂಪಣ್ಣ ಮಾಸ್ತರರು, "ಮನ್ಯಾಗ ಸೋದರಮಾವ ಕೈ ಮಾಡ್ತಾನಂತ," ಎಂದರು. ಯಲ್ಲಪ್ಪ, "ನಮ್ಮಕ್ಕ ಫೋನಿನ್ಯಾಗ ದಿನಾ ಜಗಳಾಡ್ತಾಳ, ಅದಕ್ಕ ಹಿಂಗಾಗೇತಿ," ಎಂದ. ಪ್ರತಿಯೊಬ್ಬರಿಗೂ ಇನ್ನೊಬ್ಬರದು ಗೊತ್ತಿತ್ತು.

ಕಟಗೇರಿಯವರು ನಾಲ್ವರನ್ನೂ ಪ್ರಯೋಗಾಲಯಕ್ಕೆ ಕರೆಸಿದರು. ಗೋಡೆಯ ಮೇಲೆ ಹಲ್ಲಿನ ಚಿತ್ರ ದೊಡ್ಡದಾಗಿ ಬಿತ್ತು. ಯಾವ ಬಣ್ಣ ಯಾವುದರದೆಂದು ಅವರು ಹೇಳಿದರು. 

ಮೊದಲು ಮಾತಾಡಿದವನು ಯಲ್ಲಪ್ಪ. "ಕೆಂಪು ಅಂದ್ರ ನಂದೇನ್ರಿ? ನಾ ಹೊಡದಿಲ್ಲ. ಮಾತ ಕೇಳದಿದ್ದಾಗ ತಲಿಗೆ ಒಂದ ಟಪ್ಪ ಅಂತ ಕೊಡ್ತೇನಿ. ನಮಗೇನು ಕೊಟ್ಟಿಲ್ಲೇನು ನಮ್ಮಪ್ಪ? ನಾವೇನು ಸತ್ತೇವಾ?"

"ನಾನೂ ಅಳತಿಪಟ್ಟಿ ತೋರಸ್ತೇನಿ ಅಷ್ಟ," ಎಂದರು ಹಂಪಣ್ಣ ಮಾಸ್ತರರು. "ಹತ್ತ ಸಲ ತೋರಸಿದ್ರ ಒಂದ ಸಲ ಹೊಡೀತೇನಿ."

"ಒಂಬತ್ತ ಸಲ ಆಕಿ ಆ ಒಂದಕ್ಕ ಕಾಯತಾಳ್ರಿ, ಸರ್," ಎಂದಳು ದ್ರಾಕ್ಷಾಯಿಣಿ. "ಆ ಅರಿಸಿನ ಗೆರಿ ಎಲ್ಲಾ ಕಾದಿದ್ದು."

ಅಂಗಡಿ ಟೀಚರು ತಲೆ ತಗ್ಗಿಸಿದ್ದರು. ತರಗತಿಯ ಹುಡುಗಿಯರು ಕಸ್ತೂರಿಯ ಫೋಟೋಕ್ಕೆ ಕತ್ತೆಯ ಕಿವಿ ಅಂಟಿಸಿ ಗ್ರೂಪಿನಲ್ಲಿ ದಿನಕ್ಕೊಂದು ಚಿತ್ರ ಹಾಕುತ್ತಿದ್ದುದು ಅವರಿಗೆ ಗೊತ್ತಿತ್ತು. "ಹುಡುಗಾಟಕಿ ಅನ್ಕೊಂಡಿದ್ದೆ," ಎಂದರು. "ಅದೊಂದ ಐತಲ್ಲ, ಬಿಡು ಅಂತ."

"ಎಲ್ಲಾರೂ ಅದೊಂದ ಅಂತನ ಅನ್ಕೊಂಡಿದ್ರಿ," ಎಂದರು ಕಟಗೇರಿಯವರು, ಮೆತ್ತಗೆ. "ಆಕೀಗೆ ಮಾತ್ರ ನಾಕು."

ಚಂದ್ರವ್ವ ಇಷ್ಟು ಹೊತ್ತೂ ನೀಲಿ ಗೆರೆಗಳನ್ನೇ ನೋಡುತ್ತಿದ್ದಳು. ಎದ್ದು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟಳು. "ಇದು ನಂದು. ಗಂಡನ ಜೋಡಿ ಸ್ಪೀಕರ್ ಹಾಕ್ಕೊಂಡ ಜಗಳಾಡ್ತೇನಿ, ರೊಟ್ಟಿ ಬಡೀಲಾಕ ಕೈ ಬೇಕಲ್ಲ ಅಂತ. ಹುಡುಗಿ ಮಲಗೇತಿ ಅನ್ಕೊಂಡಿದ್ದೆ." ಆಮೇಲೆ ಅವಳ ಬೆರಳು ಸರಿದು ತಿಳಿಗೆರೆಯ ಮೇಲೆ ನಿಂತಿತು. "ಇದು ಏನ್ರಿ, ಇಲ್ಲಿ ಏನೂ ಇಲ್ಲಲ್ಲ?"

"ಅದು ಶನಿವಾರ," ಎಂದಳು ದ್ರಾಕ್ಷಾಯಿಣಿ. "ಮಕ್ತುಮಸಾಬರ ಬ್ಯಾಂಡು. ನಿಮ್ಮ ಮಗಳು ಇನ್ನೂ ಎದ್ದು ಓಡ್ಯಾಡಾಕತ್ತಾಳಂದ್ರ ಇದರಿಂದ. ಆರು ದಿನಕ್ಕ ಇದೊಂದ ದಿನ ಸಾಕಾಗೂದಿಲ್ಲ. ಆ ಆರು ದಿನಾನೂ ಬದಲಾಗಬೇಕು, ಇಂಥಾ ದಿನಾನೂ ಹೆಚ್ಚಬೇಕು."

ಚಂದ್ರವ್ವ ಅಲ್ಲಿಯೇ ತಮ್ಮನ ಕಡೆ ತಿರುಗಿದಳು. ಕೂಗಲಿಲ್ಲ. "ಯಲ್ಲಪ್ಪಾ, ಇನ್ನೊಮ್ಮೆ ಆಕಿ ತಲಿಗೆ ನಿನ್ನ ಕೈ ಹೋತಂದ್ರ ನಿನ್ನ ಚೀಲ ಬಾಗಿಲ ಹೊರಗಿರತೈತಿ. ಟಪ್ಪ ಇಲ್ಲ, ಏನಿಲ್ಲ." ಯಲ್ಲಪ್ಪ ಎರಡೂ ಕೈ ಜೇಬಿಗೆ ಹಾಕಿಕೊಂಡ. 

ಟ್ಯೂಶನ್ ಅಂದೇ ನಿಂತಿತು. ಹಂಪಣ್ಣ ಮಾಸ್ತರರ ಅಳತೆಪಟ್ಟಿಯ ಬಗ್ಗೆ ಕಟಗೇರಿಯವರು ಮಕ್ಕಳ ರಕ್ಷಣಾ ಸಮಿತಿಗೆ ಬರೆದರು. ಅದು ನಿಯಮ, ಅವರು ಬಿಡಲಿಲ್ಲ. ಅಂಗಡಿ ಟೀಚರು ಗ್ರೂಪು ಮುಚ್ಚಿಸಿದ್ದಲ್ಲದೆ, ಚಿತ್ರ ಮಾಡಿದ ಮೂವರು ಹುಡುಗಿಯರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು. ಅವರಲ್ಲೊಬ್ಬಳ ಹಲ್ಲು ಕೂಡ ಎರಡು ಬಣ್ಣದ್ದು ಎಂದು ಆಮೇಲೆ ತಿಳಿಯಿತು, ಅದು ಬೇರೆ ಕಥೆ. ಚಂದ್ರವ್ವ ಗಂಡನ ಜೊತೆಗಿನ ಜಗಳ ಬಿಡಲಿಲ್ಲ, ಆದರೆ ಗಾರ್ಮೆಂಟಿನ ಊಟದ ಬಿಡುವಿಗೆ ಅದನ್ನು ವರ್ಗಾಯಿಸಿದಳು. ಹೊಲಿಗೆಯವರೆಲ್ಲ ಸುತ್ತ ಕುಳಿತು ಕೇಳುವುದರಿಂದ ಗಂಡನಿಗೆ ನಾಚಿಕೆಯಾಗಿ ಅರ್ಧ ಜಗಳ ತಾನಾಗಿಯೇ ಕಡಿಮೆಯಾಯಿತು. ಮಕ್ತುಮಸಾಬರು ಸೋಮವಾರ, ಬುಧವಾರ ಸಂಜೆಯೂ ಬಾಗಿಲು ತೆರೆಯಲು ಒಪ್ಪಿದರು. "ಧನುರ್ಮಾಸ ಆಷಾಢಕ್ಕೂ ತಗೀತೇನಿ," ಎಂದರು. "ದಾವಲಗೂ ಒಂದಷ್ಟು ಪ್ರಾಕ್ಟೀಸ್ ಆಗ್ತೈತಿ."

ಇಷ್ಟಾದ ಮೇಲೆ ಹುಡುಗಿ ಸುಧಾರಿಸುತ್ತಾಳೆಂದು ಎಲ್ಲರೂ ಕಾದರು. ಅವಳು ಇನ್ನಷ್ಟು ಹದಗೆಟ್ಟಳು. ಜನವರಿಯಲ್ಲಿ ಅನ್ನದ ತಾಟು ಎತ್ತಿ ಎಸೆದಳು. ಶಾಲೆಗೆ ಹೋಗುವುದಿಲ್ಲವೆಂದು ನೆಲದ ಮೇಲೆ ಬಿದ್ದು ಅತ್ತಳು. ಒಂದು ದಿನ ಯಲ್ಲಪ್ಪನ ಕೈ ಕಚ್ಚಿದಳು. ಅವನು ಕೈ ಎತ್ತಿದವನು ಹಾಗೆಯೇ ಇಳಿಸಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಚಂದ್ರವ್ವ ಪ್ರಯೋಗಾಲಯಕ್ಕೆ ಬಂದು ದ್ರಾಕ್ಷಾಯಿಣಿಯ ಮುಂದೆ ಅತ್ತಳು. "ಮೊದಲ ಚಲೋ ಇದ್ಲ್ರೀ, ಸುಮ್ಮನ ಇರ್ತಿದ್ಲು."

ದ್ರಾಕ್ಷಾಯಿಣಿ ಅವಳನ್ನು ಒಳಗೆ ಕರೆದೊಯ್ದಳು. ಕಟಗೇರಿಯವರೇ ಹೇಳಿದರು. "ಇಷ್ಟ ದಿನ ಅತ್ರ ಯಾರೂ ಕೇಳೂದಿಲ್ಲ ಅಂತ ಆಕೀಗೆ ಗೊತ್ತಿತ್ತು, ಅದಕ್ಕ ಅಳಲಿಲ್ಲ. ಈಗ ಕೇಳ್ತಾರ ಅಂತ ಗೊತ್ತಾಗೇದ. ಎರಡ ವರ್ಷದ್ದು ಹೊರಗ ಬರಬೇಕಲ್ಲ, ತಾಯಿ. ತಡೀರಿ."

ಹೇಳಿದರಾದರೂ ಅವರಿಗೂ ಖಾತ್ರಿಯಿರಲಿಲ್ಲ. ಹೆರಿಗೆ ರಜೆ ಮುಗಿಸಿ ಬಂದ ಸಲಹೆಗಾರ್ತಿ ವಾರಕ್ಕೊಮ್ಮೆ ಹುಡುಗಿಯನ್ನು ನೋಡತೊಡಗಿದರು. ಕಟಗೇರಿಯವರು ತಮ್ಮ ಕೈಯಲ್ಲಿದ್ದ ಕೆಲಸ ಮಾಡಿದರು. ಹಿಂದಿನ ಹನ್ನೊಂದು ಸಾವಿರ ಹಲ್ಲುಗಳ ದಾಖಲೆ ತೆಗೆಸಿ, ಯಂತ್ರದ ದೋಷವೆಂದು ಬಿಟ್ಟಿದ್ದ ಖಾಲಿ ಗೆರೆಗಳನ್ನೆಲ್ಲ ಹುಡುಕಲು ಕುಳಿತರು. ದ್ರಾಕ್ಷಾಯಿಣಿ ಜೊತೆಗೆ ಕುಳಿತಳು. ಎಷ್ಟೊಂದು ಸಿಕ್ಕವು. ಒಂದು ಮಗುವಿಗೆ ಪ್ರತಿ ಗುರುವಾರ. ಇನ್ನೊಂದಕ್ಕೆ ತಿಂಗಳಿಗೊಮ್ಮೆ, ಮೂರು ದಿನ ಸಾಲಾಗಿ. ನಾಲ್ಕು ಬಣ್ಣದ ಹಲ್ಲಿನಲ್ಲಿ ತಿಳಿಗೆರೆಯಿದ್ದ ಮಕ್ಕಳು, ಇಲ್ಲದ ಮಕ್ಕಳಿಗಿಂತ ಬಹಳ ಬೇಗ ಚೇತರಿಸಿಕೊಂಡಿದ್ದರು. ನೋವನ್ನು ಓದಲು ಕಟ್ಟಿದ ಯಂತ್ರ ಅಷ್ಟೂ ವರ್ಷ ಇದನ್ನು ಓದಿ ಓದಿ ಕಸದ ಬುಟ್ಟಿಗೆ ಹಾಕಿತ್ತು.

"ಮಕ್ಕಳನ್ನ ಕೇಳಬೇಕಿತ್ತು ನಾವು," ಎಂದರು ಕಟಗೇರಿಯವರು. "ಏನಾತು ಅಂತ ಕೇಳಿದ್ವಿ. ಎಲ್ಲಿ ಚಲೋ ಅನ್ನಸ್ತದ ಅಂತ ಕೇಳಲಿಲ್ಲ."

ಜೂನಿನಲ್ಲಿ ಶಾಲೆ ಶುರುವಾದಾಗ ಹಲ್ಲಿನ ಪೊಟ್ಟಣದ ಮೇಲೆ ಒಂದು ಹೊಸ ಸಾಲು ಅಚ್ಚಾಯಿತು, ನಿನಗೆ ಖುಷಿಯಾಗುವ ಜಾಗ ಯಾವುದು ಎಂದು. ಉತ್ತರಗಳನ್ನು ಓದುವುದು ದ್ರಾಕ್ಷಾಯಿಣಿಗೆ ಸೋಮವಾರದ ಹಬ್ಬವಾಯಿತು. ಆಯಿಯ ಮಡಿಲು. ಗೋಲಿ ಆಡುವ ಗಟಾರದ ದಂಡೆ. ಲೈಬ್ರರಿ ಅಂಕಲ್‌ನ ಕುರ್ಚಿಯ ಕೆಳಗೆ. ಒಬ್ಬ "ನಮ್ಮ ಎಮ್ಮೆ" ಎಂದಷ್ಟೇ ಬರೆದಿದ್ದ.

ಆಗಸ್ಟಿನ ಒಂದು ಮುಂಜಾನೆ ಚಂದ್ರವ್ವ ಮತ್ತೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು. ಗಾರ್ಮೆಂಟಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಹಿಂದೆ ಕಸ್ತೂರಿ ಇದ್ದಳು, ಎರಡು ಜಡೆ ಹಾಕಿಕೊಂಡು. ದ್ರಾಕ್ಷಾಯಿಣಿ ಕೆಲಸ ಬಿಟ್ಟು ಎದ್ದು ಬಂದಳು.

"ಏನಾತ್ರಿ, ಚಂದ್ರವ್ವ?"

"ಟೀಚರು ಕಂಪ್ಲೇಂಟ್ ಬರದ ಕಳಸ್ಯಾರ್ರಿ." ಅವಳು ಬ್ಲೌಸಿನೊಳಗಿಂದ ಪರ್ಸು, ಪರ್ಸಿನೊಳಗಿಂದ ಶಾಲೆಯ ಡೈರಿಯ ಹಾಳೆ ತೆಗೆದು ಬಿಚ್ಚಿದಳು. ಬೆವರಿಗೆ ನೆನೆಯಬಾರದೆಂದು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದಳು. ಅಂಗಡಿ ಟೀಚರ ದುಂಡನೆಯ ಅಕ್ಷರ: "ಕಸ್ತೂರಿ ಪಾಠದ ನಡುವೆ ಬಹಳ ಮಾತಾಡುತ್ತಾಳೆ. ಅಕ್ಕಪಕ್ಕದವರನ್ನೂ ಮಾತಾಡಿಸುತ್ತಾಳೆ. ನಿನ್ನೆ ನನ್ನ ಲೆಕ್ಕ ತಪ್ಪಾಗಿದೆ ಎಂದು ಎದ್ದು ನಿಂತು ಹೇಳಿದಳು. ಪಾಲಕರು ಗಮನಿಸಿ ಸಹಿ ಮಾಡಿ ಕಳಿಸಬೇಕು."

ದ್ರಾಕ್ಷಾಯಿಣಿ ಎರಡು ಸಲ ಓದಿದಳು. "ಟೀಚರ ಲೆಕ್ಕ ಖರೇನ ತಪ್ಪಾಗಿತ್ತೇನು?" ಎಂದು ಕಸ್ತೂರಿಯನ್ನು ಕೇಳಿದಳು.

"ಹೂಂ. ಕೈಯಾಗಿಂದ ಎಂಟು ಸೇರಸೂದ ಮರತಿದ್ರು. ಅವರು ಒಪ್ಪಿಗೊಂಡ್ರು, ಆದ್ರ ಕಂಪ್ಲೇಂಟ್ ಕಂಪ್ಲೇಂಟ ಅಂತ ಬರದ ಕೊಟ್ರು," ಎಂದಳು ಹುಡುಗಿ ಒಂದೇ ಉಸಿರಿಗೆ. ನಂತರ ಯಂತ್ರದ ಕಡೆ ನಡೆದು, ಅಲ್ಲಿ ಕೊಳವೆಯೊಂದನ್ನು ಬಿಚ್ಚುತ್ತ ಕುಳಿತಿದ್ದ ಕಟಗೇರಿಯವರಿಗೆ ಇದು ಯಾಕೆ, ಅದು ಯಾಕೆ ಎಂದು ಕೇಳತೊಡಗಿದಳು. ಅವರು ಒಂದಕ್ಕೆ ಉತ್ತರಿಸುವಷ್ಟರಲ್ಲಿ ಮೂರು ಪ್ರಶ್ನೆ ಮುಂದಿದ್ದಳು.

"ಸಹಿ ಮಾಡಿ ಕಳಸಬೇಕಂತ್ರಿ," ಎಂದಳು ಚಂದ್ರವ್ವ. "ಮಾಡೂದಕ್ಕಿಂತ ಮೊದಲ ನಿಮಗ ತೋರಸೂಣು ಅಂತ ಬಂದೆ. ನಾಳಿ ವಾಪಸ್ ಕೊಡಬೇಕು, ಆಮ್ಯಾಲೆ ಸಿಗೂದಿಲ್ಲ."

"ಒಂದ ನಕಲು ತಗದ ಇಟ್ಕೊಳ್ಳೇನು?"

"ಎರಡ ತಗೀರಿ. ನಂಗೂ ಒಂದ ಬೇಕು, ಅವರಪ್ಪಗ ಗೋವಾಕ ಕಳಸ್ತೇನಿ."

ನಕಲು ತೆಗೆದಾದ ಮೇಲೆ ಚಂದ್ರವ್ವ ಪೆನ್ನು ಕೇಳಿ ಇಸಿದುಕೊಂಡಳು. ಹಾಳೆಯನ್ನು ಮೇಜಿನ ಮೇಲೆ ನೆಟ್ಟಗೆ ಮಾಡಿ, ಕುರ್ಚಿಯ ಮೇಲೆ ಸರಿಯಾಗಿ ಕುಳಿತು, ಪಾಲಕರ ಸಹಿ ಎಂದಿದ್ದ ಸಣ್ಣ ಚೌಕದಲ್ಲಿ ತನ್ನ ಹೆಸರನ್ನೂ, ಗಂಡನ ಹೆಸರನ್ನೂ, ಮನೆತನದ ಹೆಸರನ್ನೂ ಪೂರ್ತಿಯಾಗಿ ಬರೆದಳು. ಅದು ಚೌಕ ದಾಟಿ ಹಾಳೆಯ ಅಂಚಿನವರೆಗೂ ಹೋಯಿತು.